ನಾಲ್ಕನೇ ನಂಬರಿಗೆ ನಾನು ಹಾಕಿದ ಮತ

ಕಳೆದ ವಾರ ಬಹರೈನ್‌ನ ನಮ್ಮ ಕಾಲೇಜಿನ ಕ್ರೀಡಾ ವಿಭಾಗವನ್ನು ಕೆಳ ಅಂತಸ್ತಿಗೆ ಸಾಗಿಸುವ ಕೆಲಸವಿತ್ತು. ಕಪಾಟಿನ ಮೇಲಿದ್ದ ಹಳೆಯ ಜೆರ್ಸಿಗಳ ಚೀಲವೊಂದನ್ನು ಎಳೆದಾಗ ಅದರ ತಳ ಹರಿದು, ಸಾಸಿವೆಯಷ್ಟು ದಪ್ಪದ ಕಪ್ಪು ರಬ್ಬರ್ ಕಾಳುಗಳು ನನ್ನ ಕಾಲ ಮೇಲೆ ಸುರಿದವು. ಪ್ಲಾಸ್ಟಿಕ್ ಹುಲ್ಲಿನ ಮೈದಾನಗಳಲ್ಲಿ ಹರಡಿರುತ್ತಾರಲ್ಲ, ಆಡಿದವರ ಶೂಗಳಲ್ಲಿ, ಕಾಲುಚೀಲಗಳಲ್ಲಿ ಸೇರಿಕೊಂಡು ಊರೆಲ್ಲ ಸುತ್ತುತ್ತವಲ್ಲ, ಅವೇ ಕಾಳುಗಳು. ಎಷ್ಟು ವರ್ಷವಾದರೂ ಅವುಗಳ ವಾಸನೆ ಸಾಯುವುದಿಲ್ಲ. ಬಿಸಿಲಿಗೆ ಕಾದ ಟಯರಿನ ವಾಸನೆ... ಗುಡಿಸುವವಳು ಬಂದಳು. ಸ್ವಲ್ಪ ಹೊತ್ತು ಬಿಡು ಎಂದೆ.

ನಮ್ಮ ಫುಟ್‌ಬಾಲ್ ತಂಡದ ಬಸ್ಸನ್ನು ಓಡಿಸುತ್ತಿದ್ದವರು ಪ್ರತಿ ಪಂದ್ಯ ಮುಗಿದ ಮೇಲೆ ಈ ಕಾಳುಗಳನ್ನು ಊರಿನಿಂದ ತಂದ ಹಿಡಿಸೂಡಿಯಲ್ಲಿ ಗುಡಿಸುತ್ತಿದ್ದರು. ಹುಡುಗರು ಅವರನ್ನು ಚಾಚಾ ಎನ್ನುತ್ತಿದ್ದರು. ನಾನು ಅಣ್ಣ ಎನ್ನುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರಾದರೂ ಅವರು ನನ್ನನ್ನು ಕರೆಯುತ್ತಿದ್ದದ್ದು ಅಕ್ಕ ಎಂದೇ. ಕರಾವಳಿಯ ರೂಢಿ ಅದು. ನಾನು ಕುಂದಾಪುರದವಳು, ಅವರು ಸುರತ್ಕಲ್ ಕಡೆಯವರು. ಮನೆಮಾತು ತುಳು. ಇಲ್ಲಿ ಹೂರಾ ಬಡಾವಣೆಯಲ್ಲಿ ಇನ್ನೂ ಐದು ಮಂದಿಯ ಜೊತೆ ಒಂದು ರೂಮಿನಲ್ಲಿದ್ದರು. ಬೆಳಿಗ್ಗೆ ಬಸ್ಸು ಹೂರಾದಿಂದ ಹೊರಟು ಗುಫೂಲ್ ಹಾದು ಕಾಲೇಜಿಗೆ ಹೋಗುತ್ತಿದ್ದುದರಿಂದ ಗುಫೂಲ್‌ನಲ್ಲಿ ನಮ್ಮ ಕಟ್ಟಡದ ಎದುರು ನನ್ನನ್ನು ಹತ್ತಿಸಿಕೊಳ್ಳುತ್ತಿದ್ದರು, ಸಂಜೆ ಅಲ್ಲೇ ಇಳಿಸುತ್ತಿದ್ದರು. ನನ್ನ ಗಂಡ ತೀರಿಕೊಂಡ ಮೇಲೆ ನಾನು ಈ ಕಾಲೇಜಿನ ಆಫೀಸಿಗೆ ಸೇರಿದವಳು. ಕಾರು ಮಾರಿಯಾಗಿತ್ತು. ಆ ಬಸ್ಸಿಲ್ಲದಿದ್ದರೆ ನನಗೆ ಕಷ್ಟವಿತ್ತು.

ಅವರು ಪ್ರಾಯದಲ್ಲಿ ಊರಿನ ಕ್ಲಬ್ಬೊಂದಕ್ಕೆ ಎಡಗಡೆಯ ಹಿಂದಿನ ಸಾಲಿನಲ್ಲಿ ಆಡಿದವರಂತೆ. ಮೊಣಕಾಲು ಹೋಯಿತು, ಆಟ ಬಿಟ್ಟರು, ಡ್ರೈವಿಂಗ್ ಕಲಿತು ಗಲ್ಫಿಗೆ ಬಂದರು. ಇಷ್ಟು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಬೇರೆ ಕಾಲೇಜುಗಳ ಡ್ರೈವರುಗಳು ಪಂದ್ಯದ ಹೊತ್ತಿನಲ್ಲಿ ಎ.ಸಿ. ಹಾಕಿಕೊಂಡು ಸೀಟಿನಲ್ಲಿ ನಿದ್ದೆ ಹೊಡೆಯುತ್ತಿದ್ದರು. ಇವರು ಗೆರೆಯ ಹೊರಗೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿರುತ್ತಿದ್ದರು. ಕುಳಿತದ್ದನ್ನು ನಾನು ನೋಡಿಲ್ಲ. ಕೂಗಿದ್ದನ್ನೂ ನೋಡಿಲ್ಲ. ನಮ್ಮ ತಂಡದ ಪಂದ್ಯ ಇಲ್ಲದ ಶುಕ್ರವಾರಗಳಲ್ಲೂ ಯಾರದೋ ಗಾಡಿ ಹತ್ತಿ ಹೋಗಿ ಉಳಿದವರ ಆಟ ನೋಡಿ ಬರುತ್ತಿದ್ದರು. ಆರು ಕಾಲೇಜುಗಳ ಲೀಗ್ ಅದು. ಅದರ ಎಲ್ಲ ಪಂದ್ಯಗಳನ್ನೂ ನೋಡಿದ ಮನುಷ್ಯ ಇಡೀ ಬಹರೈನ್‌ನಲ್ಲಿ ಅವರೊಬ್ಬರೇ ಇದ್ದರೋ ಏನೋ.

ಸೀಸನ್ ಅರ್ಧ ಕಳೆಯುವಷ್ಟರಲ್ಲಿ ಬಸ್ಸಿನಲ್ಲಿ ಒಂದೇ ಚರ್ಚೆ. ಈ ವರ್ಷದ ಶ್ರೇಷ್ಠ ಆಟಗಾರ ಯಾರು? ಹೆಚ್ಚು ಗೋಲು ಹೊಡೆದವನಿಗೆ ಬೇರೆ ಬಹುಮಾನವಿತ್ತು, ಅದರಲ್ಲಿ ಜಗಳವಿರಲಿಲ್ಲ. ಶ್ರೇಷ್ಠ ಆಟಗಾರನನ್ನು ಮಾತ್ರ ಮೂರು ಜನರ ಸಮಿತಿ ಆರಿಸಬೇಕು. ಹುಡುಗರು ಅರಬ್ಬಿ, ಇಂಗ್ಲಿಷ್, ಹಿಂದಿ ಬೆರೆಸಿ ಸೀಟಿನ ಮೇಲೆ ಹತ್ತಿ ನಿಂತು ವಾದಿಸುತ್ತಿದ್ದರು. ಕೊನೆಗೆ ಎಲ್ಲರೂ ಮುಂದೆ ಬಾಗಿ ಚಾಚಾ ಏನು ಹೇಳುತ್ತಾರೆ ಎಂದು ಕೇಳುತ್ತಿದ್ದರು. ಕೊನೆಯ ಪಂದ್ಯ ಮುಗಿಯಲಿ ಎನ್ನುವುದೊಂದೇ ಅವರ ಉತ್ತರ. ಮುಗಿದ ದಿನ ಒಂದು ನಂಬರ್ ಹೇಳುತ್ತಿದ್ದರು. ಆಟಗಾರರ ಹೆಸರು ಅವರ ಬಾಯಲ್ಲಿ ಬರುತ್ತಿರಲಿಲ್ಲ, ಜೆರ್ಸಿಯ ನಂಬರ್ ಮಾತ್ರ.

ನಾನು ಹೇಳಹೊರಟದ್ದು ಕೋವಿಡ್ ಮುಗಿದು ಆಟಗಳು ಮತ್ತೆ ಸುರುವಾದ ಮೊದಲ ಸೀಸನ್ನಿನ ಮಾತು. ಆ ವರ್ಷ ಲೀಗ್ ನಡೆಸುವ ಸರದಿ ನಮ್ಮ ಕಾಲೇಜಿನದು, ಹಾಗಾಗಿ ಸಮಿತಿಯಲ್ಲಿ ನಮ್ಮವರೊಬ್ಬರು ಕೂರಬೇಕಿತ್ತು. ನಮ್ಮ ಕ್ರೀಡಾಧಿಕಾರಿ ಹೆರಿಗೆ ರಜೆಯ ಮೇಲೆ ಹೋದಳು. ಆ ಕುರ್ಚಿ ಗುಮಾಸ್ತಿಕೆ ಮಾಡುವ ನನಗೆ ಬಂತು. ಚೆಂಡು ಬಲೆಗೆ ಬಿದ್ದರೆ ಗೋಲು ಎನ್ನುವುದನ್ನು ಬಿಟ್ಟರೆ ನನಗೆ ಫುಟ್‌ಬಾಲ್ ಗೊತ್ತಿರಲಿಲ್ಲ. ಅದನ್ನು ಬಸ್ಸಿನ ಅಣ್ಣನಲ್ಲಿ ಹೇಳಿಕೊಂಡೆ. ಮುಂದಿನ ಪಂದ್ಯಕ್ಕೆ ನನ್ನನ್ನು ತಮ್ಮ ಪಕ್ಕ ನಿಲ್ಲಿಸಿಕೊಂಡರು.

“ಚೆಂಡು ನೋಡ್ಬೇಡಿ ಅಕ್ಕ. ಚೆಂಡನ್ನು ಎಲ್ಲರೂ ನೋಡ್ತಾರೆ. ಒಬ್ಬನನ್ನು ಹಿಡ್ಕೊಳ್ಳಿ, ಹತ್ತು ನಿಮಿಷ ಅವನನ್ನೇ ನೋಡಿ. ಚೆಂಡು ಹತ್ರ ಇಲ್ಲದಾಗ ಎಂತ ಮಾಡ್ತಾನೆ, ಅದನ್ನು ನೋಡಿ.”

ನಾನು ನೋಡಿದೆ. ಮೊದಲ ಹತ್ತು ನಿಮಿಷ ಏನೂ ಕಾಣಲಿಲ್ಲ. ಎರಡನೇ ಪಂದ್ಯದಲ್ಲಿ ಒಬ್ಬ ಹುಡುಗ ಓಡುವ ಮೊದಲು ಎರಡು ಸಲ ಭುಜದ ಮೇಲಿಂದ ಹಿಂದೆ ನೋಡುವುದು ಕಂಡಿತು. ಮತ್ತೊಬ್ಬ ಚೆಂಡು ಕಳಕೊಂಡ ಕೂಡಲೇ ಸೊಂಟಕ್ಕೆ ಕೈ ಇಟ್ಟು ನಿಲ್ಲುವುದು ಕಂಡಿತು. ಮೂರನೆಯದರ ಹೊತ್ತಿಗೆ ನನಗೆ ರುಚಿ ಹತ್ತಿತ್ತು. ಮನೆಗೆ ಬಂದು ಮಗಳಿಗೆ ವಿವರಿಸಿದರೆ ಅವಳು ಇಂಗ್ಲಿಷಿನಲ್ಲಿ ನಕ್ಕು ತನ್ನ ಕೋಣೆಗೆ ಹೋದಳು.

ನಮ್ಮ ತಂಡದ ನಾಯಕ ನಾಲ್ಕನೇ ನಂಬರಿನವನು. ಹಮದ್ ಟೌನ್‌ನ ಬಹರೈನಿ ಹುಡುಗ, ಹಿಂದಿನ ಸಾಲಿನ ನಡುವೆ ಆಡುವವನು. ನನ್ನನ್ನು ಕಂಡಾಗಲೆಲ್ಲ ಮಿಸ್ ಎಂದು ನಿಂತು ಮಾತಾಡಿಸಿ ಹೋಗುವವನು. ಸೀಸನ್ ನಡುವೆ ಅವನ ತಂದೆ ಹೃದಯಾಘಾತದಿಂದ ತೀರಿಕೊಂಡರು. ಹತ್ತು ದಿನಕ್ಕೆ ಅವನು ಮರಳಿ ಬಂದು ಆಡಿದ. ಅವನು ಮೈದಾನಕ್ಕಿಳಿದಾಗ ಎದುರು ತಂಡದವರೂ ಚಪ್ಪಾಳೆ ತಟ್ಟಿದರು. ನನಗೆ ಆ ಪಂದ್ಯ ನೋಡಲು ಆಗಲಿಲ್ಲ. ಬಸ್ಸಿನ ಹಿಂದೆ ಹೋಗಿ ನಿಂತಿದ್ದೆ.

ಎದುರಾಳಿ ಕಾಲೇಜೊಂದರಲ್ಲಿ ಎಂಟನೇ ನಂಬರಿನವನಿದ್ದ. ಮಧ್ಯದಲ್ಲಿ ಆಡುವವನು. ಬಾಯಲ್ಲಿ ಯಾವಾಗಲೂ ಚ್ಯೂಯಿಂಗ್ ಗಮ್. ರೆಫರಿಗೆ ಎದುರು ಮಾತು, ಜೊತೆಗಾರರಿಗೆ ಬೈಗುಳ. ನಮ್ಮಲ್ಲಿಗೆ ಆಡಲು ಬಂದ ದಿನ ಅಭ್ಯಾಸಕ್ಕೆಂದು ಒದ್ದ ಚೆಂಡು ನಮ್ಮ ಬಸ್ಸಿನ ಕನ್ನಡಿ ಒಡೆಯಿತು. ಬಸ್ಸಿನ ಅಣ್ಣ ಹತ್ತಿರ ಹೋಗಿ ಏನೋ ಹೇಳಿದರು. ನೀನು ಬಸ್ಸು ಬಿಡುವವನು, ಹೋಗಿ ಸ್ಟೇರಿಂಗ್ ಹಿಡಿ ಎಂದ ಅವನು, ಎಲ್ಲರಿಗೂ ಕೇಳುವಂತೆ. ಇವರು ಏನೂ ಆಗದವರಂತೆ ಬಂದು ಗೆರೆಯ ಹೊರಗೆ ನಿಂತರು. ವಾಪಸು ಬರುವಾಗ ದಾರಿಯುದ್ದಕ್ಕೂ ಅವರು ಹೇಳಿದ್ದು, ಆ ಎಂಟು ಎಡಗಾಲಿನ ಹೊರಬದಿಯಲ್ಲಿ ಚೆಂಡನ್ನು ಹೇಗೆ ತಿರುಗಿಸಿದ ಎಂಬುದನ್ನು.

ಫೈನಲ್ ಎಂಟನೆಯವನ ಕಾಲೇಜಿಗೂ ನಮಗೂ ಆಯಿತು. ನಾವು ಸೋತೆವು. ಆ ಸಂಜೆ ಹುಡುಗರನ್ನೆಲ್ಲ ಇಳಿಸಿ, ಗುಫೂಲ್‌ನ ನಮ್ಮ ಕಟ್ಟಡದ ಎದುರು ಬಸ್ಸು ನಿಲ್ಲಿಸಿದಾಗ ಮಗ್ರಿಬ್ ನಮಾಜಿನ ಬಾಂಗ್ ಕೇಳುತ್ತಿತ್ತು. ಮರುದಿನ ಸಮಿತಿಯ ಸಭೆ. ಯಾರಿಗೆ ಕೊಡಬೇಕು ಅಣ್ಣ ಎಂದು ಕೇಳಿದೆ. ಉತ್ತರ ನನಗೆ ಮೊದಲೇ ಗೊತ್ತಿತ್ತು, ಬೇರೆ ಉತ್ತರ ಬರಲಿ ಎಂದು ಕೇಳಿದ್ದು.

“ಎಂಟಕ್ಕೆ ಕೊಡ್ಬೇಕು.”

ಅವನು ನಿಮಗೆ ಅಂದದ್ದು ಮರೆತುಹೋಯಿತಾ ಎಂದೆ.

“ಬೈದದ್ದು ಅವನ ಬಾಯಿ. ಪ್ರಶಸ್ತಿ ಬಾಯಿಗಲ್ಲ ಅಲ್ವಾ, ಕಾಲಿಗೆ.”

ನಾನು ನಾಲ್ಕನೇ ನಂಬರಿನವನ ಹೆಸರೆತ್ತಿದೆ. ಅಂಥ ದುಃಖದಲ್ಲೂ ಬಂದು ಆಡಿದ ಹುಡುಗ, ತಂಡವನ್ನು ಫೈನಲ್‌ಗೆ ತಂದವನು, ಆ ತಾಯಿಗೆ ಒಂದು ದಿನವಾದರೂ ಸಂತೋಷ ಬೇಡವೇ... ಹೀಗೆ ಏನೇನೋ ಹೇಳಿದೆ. ಅವರು ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡೇ ಕೇಳಿದರು.

“ಅವನ ಅಪ್ಪ ಹೋದದ್ದು ನನಗೂ ಬೇಜಾರುಂಟು. ಅದಕ್ಕೆ ಮನೆಗೆ ಹೋಗಿ ಕೂತು ಬರುವ. ಟ್ರೋಫಿ ಯಾಕೆ? ತಾನು ಈ ಸಲ ಎಷ್ಟು ಆಡಿದ್ದೇನೆ ಅಂತ ಆ ಹುಡುಗನಿಗೆ ಗೊತ್ತುಂಟು ಅಕ್ಕ. ಗೊತ್ತಿದ್ದವನಿಗೆ ಸುಳ್ಳು ಕೊಡ್ಬಾರ್ದು.”

ನನಗೆ ಯಾಕೆ ಅಷ್ಟು ಸಿಟ್ಟು ಬಂತೋ ಈಗಲೂ ಸರಿಯಾಗಿ ಹೇಳಲಾರೆ. ನೀವು ಬಸ್ಸು ಬಿಡುವವರು, ಸಮಿತಿಯಲ್ಲಿ ಕೂರುವವಳು ನಾನು ಎಂದುಬಿಟ್ಟೆ. ಮಾತು ಬಾಯಿಂದ ಬಿದ್ದ ಮೇಲೆ ಅದನ್ನು ಮೊದಲು ಯಾರು ಆಡಿದ್ದರೆಂದು ನೆನಪಾಯಿತು. ಅವರು ಬಾಗಿಲಿನ ಗುಂಡಿ ಒತ್ತಿದರು. ಮೆಟ್ಟಿಲು ನೋಡಿ ಇಳಿಯಿರಿ ಎಂದರು, ದಿನಾ ಹೇಳುವ ಹಾಗೆಯೇ. ಬೆಳಿಗ್ಗೆ ಆರೂಮುಕ್ಕಾಲಿಗೆ ಬಸ್ಸು ನಮ್ಮ ಕಟ್ಟಡದ ಎದುರಿತ್ತು, ದಿನಾ ಇರುವ ಹಾಗೆಯೇ. ನಾನು ಹಿಂದಿನ ಸೀಟಿನಲ್ಲಿ ಹೋಗಿ ಕೂತೆ.

ಸಮಿತಿಯಲ್ಲಿ ಇನ್ನಿಬ್ಬರಿದ್ದರು. ಬಹರೈನಿ ಹಿರಿಯರೊಬ್ಬರು, ನಿವೃತ್ತ ರೆಫರಿ. ಅವರ ಮತ ಎಂಟಕ್ಕೆ. ಪ್ರಾಯೋಜಕ ಕಂಪನಿಯ ಅಧಿಕಾರಿಯೊಬ್ಬ, ಪಂದ್ಯ ನೋಡಿದ್ದು ಒಂದೋ ಎರಡೋ. ನಾಲ್ಕನೆಯವನ ಕಥೆ ಜನರ ಮನಸ್ಸು ಮುಟ್ಟುತ್ತದೆ ಎಂದು ಅವನ ಮತ ಅತ್ತ. ಇಬ್ಬರೂ ನನ್ನ ಕಡೆ ತಿರುಗಿದರು. ನಾಲ್ಕು ಎಂದೆ. ಹಿರಿಯರು ತಲೆಯಾಡಿಸಿ ಸಹಿ ಹಾಕಿದರು. ಪ್ರಶಸ್ತಿಯ ಜೊತೆ ಓದುವ ನಾಲ್ಕು ಸಾಲುಗಳನ್ನು ಬರೆಯುವ ಕೆಲಸವೂ ನನ್ನ ಪಾಲಿಗೆ ಬಂತು. ತಂದೆಯ ಸಾವಿನ ನಡುವೆಯೂ ಎಂದು ಆರಂಭಿಸಿದೆ. ಚೆನ್ನಾಗಿ ಬರೆದಿದ್ದೇನೆ ಎಂದು ನನಗೇ ಅನಿಸಿತ್ತು.

ಸಮಾರಂಭದಲ್ಲಿ ಅದನ್ನು ಮೊದಲು ಅರಬ್ಬಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದಿದರು. ಎರಡು ಸಲ. ಹೆಂಗಸರ ಸಾಲಿನಲ್ಲಿ ಕೂತಿದ್ದ ಅವನ ತಾಯಿ ಮೊದಲನೆಯ ಸಲವೇ ತಮ್ಮ ಕಪ್ಪು ನಿಲುವಂಗಿ ಅಬಾಯಾದ ಅಂಚಿನಿಂದ ಮುಖ ಮುಚ್ಚಿಕೊಂಡರು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹುಡುಗ ಟ್ರೋಫಿ ತೆಗೆದುಕೊಂಡ. ತಲೆ ಎತ್ತಲಿಲ್ಲ. ಫೋಟೋ ತೆಗೆಯುವವನು ಮೂರು ಸಲ ಹೇಳಿದರೂ ಎತ್ತಲಿಲ್ಲ. ನಾಚಿಕೆಯ ಹುಡುಗ ಎಂದು ಸಮಾಧಾನ ಮಾಡಿಕೊಂಡೆ.

ಮೂರು ದಿನದ ಮೇಲೆ ಬಸ್ಸಿನ ಅಣ್ಣ ನನ್ನ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ.

“ಇದು ಹಿಂದಿನ ಸೀಟಿನಲ್ಲಿತ್ತು.”

ಚೀಲದೊಳಗೆ ಟ್ರೋಫಿ. ಹುಡುಗ ಮರೆತದ್ದಲ್ಲವಂತೆ. ಇಳಿಯುವಾಗ ಇವರು ಕೂಗಿ ಹೇಳಿದರೂ ತಿರುಗಿ ನೋಡದೆ ಹೋದನಂತೆ. ಅಭ್ಯಾಸಕ್ಕೂ ಬರುತ್ತಿಲ್ಲ, ಹೆಸರು ತೆಗೆಯಿರಿ ಎಂದು ಕೋಚ್‌ಗೆ ಮೆಸೇಜ್ ಹಾಕಿದ್ದಾನಂತೆ. ನಾನು ಹೇಳಿರಲಿಲ್ಲವಾ ಎಂಬ ಮಾತು ಅವರಿಂದ ಬರಲಿ ಎಂದು ಕಾದೆ. ಬಂದಿದ್ದರೆ ನನಗೆ ಹಗುರಾಗುತ್ತಿತ್ತು. ಬರಲಿಲ್ಲ.

ಆ ದಿನ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಗಂಡ ತೀರಿಕೊಂಡ ವರ್ಷ ನಮ್ಮವರ ಸಂಘದ ರಾಜ್ಯೋತ್ಸವದಲ್ಲಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದ್ದರು. ಯಾಕೆಂದು ನನಗೆ ಮೊದಲು ತಿಳಿಯಲಿಲ್ಲ. ಮೈಕಿನಲ್ಲಿ ಒಬ್ಬರು ನನ್ನ ಗಂಡ ಕೆಲಸದ ಜಾಗದಲ್ಲಿ ಹೇಗೆ ಕುಸಿದರು ಎಂದು ಹೇಳತೊಡಗಿದಾಗ ತಿಳಿಯಿತು. ಎಲ್ಲರೂ ಒಳ್ಳೆಯ ಮನಸ್ಸಿನವರೇ. ನನ್ನ ಮಗಳು ಮೂರನೇ ಸಾಲಿನಲ್ಲಿ ಕೂತು ನೆಲ ನೋಡುತ್ತಿದ್ದಳು. ಅದನ್ನು ಅನುಭವಿಸಿದ ನಾನೇ... ಇನ್ನೊಬ್ಬರ ಮಗನಿಗೆ ಅದನ್ನೇ ಎರಡು ಭಾಷೆಯಲ್ಲಿ ಓದಿಸಿದ್ದೆ.

ಸಂಜೆ ಬಸ್ಸಿನಲ್ಲಿ ಮುಂದಿನ ಸೀಟಿಗೆ ಬಂದು ಕೂತೆ. ಅಂದು ನಾನು ಆಡಿದ ಮಾತು ತಪ್ಪು ಅಣ್ಣ ಎಂದೆ. ಅದು ಬಿಡಿ ಎಂದರು. ಆಮೇಲೆ, ಆ ಹುಡುಗನ ಹತ್ತಿರ ನೀವೇ ಹೋಗಿ ಹೇಳಬೇಕು, ಶನಿವಾರ ನಾನು ಕರೆದುಕೊಂಡು ಹೋಗುತ್ತೇನೆ ಎಂದರು.

ಶನಿವಾರ ಬೆಳಿಗ್ಗೆ ರೂಮಿನ ಗೆಳೆಯನ ಹಳೆಯ ಕಾರು ತಂದಿದ್ದರು. ಹಮದ್ ಟೌನ್‌ನಲ್ಲಿ ಒಂದರ ಹಿಂದೊಂದು ರೌಂಡಬೌಟ್, ಎಲ್ಲ ಮನೆಗಳೂ ಒಂದೇ ಥರ. ಎರಡು ಸಲ ದಾರಿ ತಪ್ಪಿದೆವು. ಎರಡು ಸಲವೂ ನನಗೆ ವಾಪಸು ಹೋಗೋಣ ಎನ್ನುವ ಮಾತು ಗಂಟಲಿನವರೆಗೆ ಬಂದಿತ್ತು. ತಾಯಿ ನಮ್ಮನ್ನು ಅತಿಥಿಗಳ ಕೋಣೆ ಮಜ್ಲಿಸ್‌ನಲ್ಲಿ ಕೂರಿಸಿ ಗಹ್ವಾ ಕಾಫಿ, ಖರ್ಜೂರ ತಂದಿಟ್ಟರು. ಹುಡುಗ ಬಂದು ಎದುರು ಕೂತ. ನನಗೆ ತಿಳಿದ ಇಂಗ್ಲಿಷಿನಲ್ಲಿ, ಸುತ್ತಿಬಳಸದೆ ಹೇಳಿದೆ. ನಿನ್ನ ಆಟಕ್ಕಾಗಿ ನಾನು ಮತ ಹಾಕಲಿಲ್ಲ, ನಿನ್ನ ತಂದೆಗಾಗಿ ಹಾಕಿದೆ. ಅದು ನನ್ನ ತಪ್ಪು. ಕ್ಷಮಿಸು.

ಅವನು ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟ.

“ಮಿಸ್, ಎಲ್ಲ ಕಡೆಯೂ ಜನ ಅಪ್ಪನ ಮಾತೇ ಎತ್ತುತ್ತಿದ್ದರು. ಮೈದಾನದಲ್ಲಿ ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಈಗ ಅಲ್ಲೂ ಆಯಿತು.”

ಆಗ ಬಸ್ಸಿನ ಅಣ್ಣ ಸ್ವಲ್ಪ ಮುಂದೆ ಸರಿದು, ತಮ್ಮ ಹರಕು ಅರಬ್ಬಿಗೆ ಹಿಂದಿ ಸೇರಿಸಿ ಕೇಳಿದರು, ಈ ಸೀಸನ್‌ನಲ್ಲಿ ನಿನ್ನಿಂದ ತಡೆಯಲು ಆಗದವನು ಯಾರು ಎಂದು. ಹುಡುಗ ಅವರ ಮುಖ ನೋಡಿದ. ಎಂಟು ಎಂದ. ಎಷ್ಟು ಸಲ ಎಂದರು. ಮೂರು ಎಂದ. ನಾಲ್ಕು ಎಂದರು ಇವರು. ಅಲ್ಲ, ಮೂರೇ ಎಂದ ಹುಡುಗ. ನಾಲ್ಕನೆಯದು ಫೈನಲ್‌ನ ಮೊದಲ ಅರ್ಧದಲ್ಲಿ, ನೀನು ಬಲಕ್ಕೆ ವಾಲಿದೆ, ಅವನು ಎಡಕ್ಕೆ ಹೋದ ಎಂದು ಇವರು ನೆನಪಿಸಿದರು. ಹುಡುಗ ಒಪ್ಪಲಿಲ್ಲ. ಆಗ ಅವನನ್ನು ಕಾಯಬೇಕಿದ್ದದ್ದು ನಾನಲ್ಲ, ಎರಡನೇ ನಂಬರಿನವನು ಎಂದ. ಇವರು ಗಹ್ವಾದ ಕಪ್ಪುಗಳನ್ನು ಜಮಖಾನೆಯ ಮೇಲೆ ಸಾಲಾಗಿ ಇಟ್ಟರು. ಇದು ನೀನು, ಇದು ಎರಡು, ಇಲ್ಲಿ ಎಂಟು. ಹುಡುಗ ನೆಲಕ್ಕಿಳಿದು ಕಪ್ಪುಗಳನ್ನು ಅತ್ತಿತ್ತ ಸರಿಸಿದ. ಅರ್ಧ ಗಂಟೆ ಇಬ್ಬರೂ ಜಗಳವಾಡಿದರು. ನಾನು ಆಡಿದ್ದು ಹೇಗಿತ್ತು ಎಂದು ಹುಡುಗ ಕೊನೆಗೆ ಕೇಳಿದ. ಎಂಟು ಮೊದಲು, ಇನ್ನೊಂದು ಕಾಲೇಜಿನ ಗೋಲ್‌ಕೀಪರ್ ಎರಡನೆಯವನು, ನೀನು ಮೂರನೆಯವನು ಎಂದರು ಇವರು. ಗೋಲ್‌ಕೀಪರನಿಗಿಂತಲೂ ಕೆಳಗಾ ಎಂದು ಅವನು ಗಟ್ಟಿಯಾಗಿ ನಕ್ಕ. ತಾಯಿ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತರು. ಆ ಮನೆಯಲ್ಲಿ ಎಷ್ಟು ದಿನದ ಮೇಲೆ ಆ ನಗು ಕೇಳಿತೋ... ಅವರು ಇನ್ನೊಂದು ತಟ್ಟೆ ಖರ್ಜೂರ ಇಟ್ಟು ಹೋದರು.

ಸಮಿತಿಗೆ ನಾನು ಪತ್ರ ಬರೆದೆ. ತೀರ್ಮಾನ ಬದಲಿಸಲು ಬರುವುದಿಲ್ಲ ಎಂಬ ಉತ್ತರ ಬಂತು. ಹುಡುಗ ತಾನೇ ನನ್ನ ಆಫೀಸಿನಿಂದ ಟ್ರೋಫಿ ತೆಗೆದುಕೊಂಡು ಬಸ್ಸಿನ ಅಣ್ಣನ ಜೊತೆ ಎಂಟನೇ ನಂಬರಿನವನ ಕಾಲೇಜಿಗೆ ಹೋದ. ಅವನು ಗಮ್ ಜಗಿಯುತ್ತಲೇ ಹೇಳಿದನಂತೆ, ನೀನೇ ಇಟ್ಟುಕೋ, ಮುಂದಿನ ವರ್ಷ ಮೈದಾನದಲ್ಲಿ ತೆಗೆದುಕೊಳ್ಳುತ್ತೇನೆ ಎಂದು. ಬದಲಾಗದ ಹುಡುಗ. ಇದನ್ನು ಹೇಳುವಾಗ ಇವರ ಮುಖದಲ್ಲಿ ಎಂಥ ಖುಷಿ! ಮರುವಾರ ನಾಲ್ಕನೇ ನಂಬರ್ ಅಭ್ಯಾಸಕ್ಕೆ ಬಂದ.

ಮುಂದಿನ ಸೀಸನ್ ಅವರು ನೋಡಲಿಲ್ಲ. ಬೇಸಿಗೆಯಲ್ಲಿ ಬಸ್ಸಿನ ಗುತ್ತಿಗೆ ಬೇರೆಯವರಿಗೆ ಹೋಯಿತು. ಅರವತ್ತು ದಾಟಿದವರ ವೀಸಾ ಹೊಸಬರು ಮಾಡಿಸಲಿಲ್ಲ. ಇಪ್ಪತ್ತಾರು ವರ್ಷದ ಬಹರೈನ್ ಎರಡು ಪೆಟ್ಟಿಗೆಯಲ್ಲಿ ಮುಗಿಯಿತು. ಹೋಗುವ ಮೊದಲು ಬಸ್ಸು ತೊಳೆದು, ಗುಡಿಸಿ, ಕೀಲಿಕೈ ಕೊಟ್ಟರು. ನಾನು ಆ ದಿನ ರಜೆಯಲ್ಲಿದ್ದೆ, ಮಗಳ ಪರೀಕ್ಷೆಯ ಸಲುವಾಗಿ. ಫೋನಿನಲ್ಲಿ ಹೋಗಿ ಬರುತ್ತೇನೆ ಅಕ್ಕ ಎಂದರು. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆ ಚಳಿಗಾಲದಲ್ಲಿ ನಾನು ಎಲ್ಲ ಪಂದ್ಯಗಳಿಗೂ ಹೋದೆ. ಗೆರೆಯ ಹೊರಗೆ ನಿಂತು ಒಬ್ಬೊಬ್ಬನನ್ನೇ ಹತ್ತು ಹತ್ತು ನಿಮಿಷ ನೋಡಿ, ವಾಟ್ಸಾಪಿನಲ್ಲಿ ಅವರಿಗೆ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ. ಅವರು ಊರಿನಿಂದ ತಿದ್ದುತ್ತಿದ್ದರು. ನೀವು ಹೇಳುವುದು ನೋಡಿದರೆ ಆ ಹುಡುಗನ ಬಲಗಾಲು ನೋಯುತ್ತಿದೆ, ಕೋಚ್‌ಗೆ ಹೇಳಿ ಎನ್ನುತ್ತಿದ್ದರು. ನಿಜವಾಗಿಯೂ ನೋಯುತ್ತಿತ್ತು. ಎರಡು ಸೀಸನ್ ಹಾಗೆ ನಡೆಯಿತು. ಆಮೇಲೆ ಒಂದು ವಾರ ಉತ್ತರವಿಲ್ಲ, ಇನ್ನೊಂದು ವಾರ... ಹೂರಾದ ಅವರ ರೂಮಿನವರು ಫೋನ್ ಮಾಡಿದರು. ಸ್ಟ್ರೋಕ್ ಆಗಿ ಎರಡೇ ದಿನದಲ್ಲಿ ಹೋದರಂತೆ.

ಅವರ ಹೆಂಡತಿಯ ಜೊತೆ ಮಾತಾಡಿದೆ. ಇಲ್ಲಿನ ಹುಡುಗರು, ಪಂದ್ಯಗಳು, ಅವರ ಮಾತಿಗೆ ಎಲ್ಲರೂ ಕಾಯುತ್ತಿದ್ದುದು, ಎಲ್ಲ ಹೇಳಿದೆ. ಅವರು ಮೆಲ್ಲಗೆ ಕೇಳಿದರು. “ಅವರಿಗೆ ಫುಟ್‌ಬಾಲ್ ಅಷ್ಟು ಗೊತ್ತಿತ್ತಾ? ಫೋನ್ ಹಿಡ್ಕೊಂಡು ಅಂಗಳಕ್ಕೆ ಹೋಗ್ತಿದ್ದರು, ನಮ್ಮ ಹತ್ರ ಒಂದು ದಿನವೂ ಹೇಳಿದ್ದಿಲ್ಲ.” ಇಪ್ಪತ್ತಾರು ವರ್ಷ ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಮನೆಗೆ ಬಂದು ಹೋದವರಿಗೆ, ಕೊನೆಗೆ ಊರಲ್ಲೇ ನಿಂತಾಗಲೂ ಹೇಳುವ ರೂಢಿ ಎಲ್ಲಿಂದ ಬರಬೇಕು? ನನಗೆ ಸಿಕ್ಕ ಮನುಷ್ಯ ಅವರಿಗೆ ಸಿಕ್ಕಿರಲಿಲ್ಲ ಎನಿಸಿತು.

ಎಲ್ಲ ಪಂದ್ಯ ನೋಡುವವಳೆಂದು ಈಗ ನಾನು ಸಮಿತಿಯ ಕಾಯಂ ಸದಸ್ಯೆ. ನಿನ್ನೆ ಈ ಸೀಸನ್‌ನ ಸಭೆ ಇತ್ತು. ಹಿಂದಿನ ಮೂರು ರಾತ್ರಿ ನನಗೆ ಸರಿಯಾಗಿ ನಿದ್ದೆಯಿಲ್ಲ. ಇಬ್ಬರು ಹುಡುಗರು, ಇಬ್ಬರ ಆಟವನ್ನೂ ಕೊನೆಯವರೆಗೆ ನೋಡಿದ್ದೆ, ಯಾರೆಂದು ನಿರ್ಧರಿಸಲಾಗದೆ ಅಡುಗೆಮನೆಗೂ ಕಿಟಕಿಗೂ ನಡೆದಾಡಿದ್ದೆ. ಸಭೆಯಲ್ಲಿ ನಾನು ಒಂದು ನಂಬರ್ ಹೇಳಿದೆ. ಉಳಿದಿಬ್ಬರೂ ಕೂಡಲೇ ಒಪ್ಪಿದರು. ನೀವು ಎಲ್ಲ ಪಂದ್ಯ ನೋಡಿದವರು, ನಿಮ್ಮ ಮಾತಿಗೆ ಎದುರಿಲ್ಲ ಎಂದರು. ಐದು ನಿಮಿಷದಲ್ಲಿ ಮುಗಿಯಿತು.

ಹೊರಗೆ ಬಂದು ಬಹಳ ಹೊತ್ತು ಮೈದಾನದ ಬೇಲಿಯ ಹತ್ತಿರ ನಿಂತಿದ್ದೆ. ನನ್ನ ಆಯ್ಕೆ ಸರಿಯೋ ತಪ್ಪೋ ನನಗೆ ಈಗಲೂ ತಿಳಿಯದು. ತಪ್ಪಾಗಿದ್ದರೆ ಅದನ್ನು ಮುಖಕ್ಕೇ ಹೇಳಿ, ನನ್ನಿಂದ ಕೆಟ್ಟ ಮಾತು ಕೇಳಿಸಿಕೊಂಡು, ಮರುದಿನ ಬೆಳಿಗ್ಗೆ ನನಗಾಗಿ ಮನೆಯೆದುರು ಕಾಯುವವರು ಈ ಊರಿನಲ್ಲಿ ಇನ್ನು ಯಾರೂ ಇಲ್ಲ.